ಮಾರ್ಫಿನ್ನಿನ ಹದ

ಮಾರತಹಳ್ಳಿ ದಾಟಿ ವೈಟ್‌ಫೀಲ್ಡ್ ಕಡೆ ಹೊರಟರೆ, ಕುಂದಲಹಳ್ಳಿ ಗೇಟಿನ ಹತ್ತಿರ ಕರುಣಾಶ್ರಯ ಸಿಗುತ್ತದೆ. ವಾಸಿಯಾಗುವ ಹಂತ ಮೀರಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಈ ಮನೆಯನ್ನು ಬೆಂಗಳೂರು ಹಾಸ್ಪಿಸ್ ಟ್ರಸ್ಟ್ 1999ರಲ್ಲಿ ತೆರೆಯಿತು. ಇಂಥ ಆರೈಕೆಯೊಳಗೆ ಒಂದು ನಯವಾದ ಕಲೆಯಿದೆ: ಈ ಒಬ್ಬರಿಗೆ, ಈ ದಿನ, ನೋವು ಕಳೆಯಲು ಎಷ್ಟು ಮಾರ್ಫಿನ್ ಸಾಕು ಎಂದು ಕಂಡುಕೊಳ್ಳುವುದು. ನೋಡಿದಷ್ಟೂ ಅದರ ಸೊಗಸು ಹೆಚ್ಚುತ್ತದೆ.

ಶುರು ಮಾಡುವುದು ಸಾಮಾನ್ಯವಾಗಿ 5 ಅಥವಾ 10 ಮಿಲಿಗ್ರಾಂನಿಂದ. ಪುಟ್ಟ ಗುಳಿಗೆ, ಕೆಲಸ ಮಾಡುವುದು ಸುಮಾರು 4 ಗಂಟೆ. ಹಾಗಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಕೊನೆಯದನ್ನು ಎರಡರಷ್ಟು ಕೊಡುವ ರೂಢಿಯೂ ಉಂಟು, ನಡುರಾತ್ರಿ 2ಕ್ಕೆ ಎಬ್ಬಿಸುವುದು ಬೇಡವೆಂದು. ನಡುವೆ ನೋವು ಎದ್ದರೆ ದಿನದ ಒಟ್ಟು ಪ್ರಮಾಣದ ಆರರಲ್ಲೊಂದು ಪಾಲು ಹೆಚ್ಚಿಗೆ. ಹಾಗೆ ಎಷ್ಟು ಸಲ ಬೇಕಾಯಿತು ಎಂಬುದನ್ನು ನೋಡಿ ನಾಳೆಯ ಅಳತೆ ತೀರ್ಮಾನ. ತಂಬೂರಿಯ ಮಣಿಯನ್ನು ಕೂದಲೆಳೆಯಷ್ಟು ಸರಿಸಿ ಶ್ರುತಿ ಕೂಡಿಸುವವರ ತಾಳ್ಮೆ ಇದಕ್ಕೆ ಬೇಕು. "ಹತ್ತಕ್ಕೆ ಎಷ್ಟು ನೋವಿದೆ?" ಎಂದು ಕೇಳಿದರೆ "ಪರವಾಗಿಲ್ಲ ಸಿಸ್ಟರ್" ಅನ್ನುತ್ತಾರೆ, ಮಂಚದ ಕಂಬಿ ಹಿಡಿದ ಕೈ ಮಾತ್ರ ಸಡಿಲವಾಗಿರುವುದಿಲ್ಲ. ಒಳ್ಳೆಯ ನರ್ಸ್ ಮಾತಿನ ಜೊತೆಗೆ ಆ ಕೈಯನ್ನೂ ನೋಡುತ್ತಾರೆ.

ಒಂದೇ ಗುಳಿಗೆ ಮೈಯಿಂದ ಮೈಗೆ ಬೇರೆಯಾಗುವುದೇಕೆ? ಪಿತ್ತಜನಕಾಂಗ ಮಾರ್ಫಿನ್ನನ್ನು ಎಂ-6-ಜಿ ಎಂಬ ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ. ಅದೂ ನೋವು ಕಳೆಯುತ್ತದೆ, ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಸೋತವರಲ್ಲಿ ಅದು ಒಳಗೇ ಉಳಿದು ಮಂಪರು ಹೆಚ್ಚುತ್ತದೆ, ಕೈಕಾಲು ಮೆಲ್ಲನೆ ಅದುರುತ್ತವೆ. ಆಗ ಪ್ರಮಾಣ ಇಳಿಸಬೇಕು, ಅಥವಾ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯಂಥ ಬೇರೆ ದಾರಿ ಹಿಡಿಯಬೇಕು.

ಕೋಡೀನ್ ಎಂಬ ಇನ್ನೊಂದು ನೋವುನಿವಾರಕದ ಕಥೆ ಇನ್ನೂ ಸೂಕ್ಷ್ಮ. ಅದರ ಒಂದು ಸಣ್ಣ ಪಾಲನ್ನು ಸಿವೈಪಿ2ಡಿ6 ಎಂಬ ಕಿಣ್ವ ಮಾರ್ಫಿನ್ ಮಾಡಿದರೇ ನೋವಿಗೆ ಶಮನ. ಈ ಕಿಣ್ವ ಕೆಲಸ ಮಾಡದವರು ಎಷ್ಟು ನುಂಗಿದರೂ ನೋವು ಜಗ್ಗುವುದಿಲ್ಲ, ಅವರು ನಾಟಕವಾಡುತ್ತಿಲ್ಲ. ಕಿಣ್ವ ತೀರಾ ಚುರುಕಾದವರಿಗೆ ಸಾಮಾನ್ಯ ಪ್ರಮಾಣವೂ ಉಸಿರಿಗೆ ಅಪಾಯವಾಗಬಹುದು. ಟಾನ್ಸಿಲ್ ಶಸ್ತ್ರಚಿಕಿತ್ಸೆಯಾದ ಮಕ್ಕಳಿಗೆ ಕೋಡೀನ್ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಕಟ್ಟೆಚ್ಚರ ಕೊಟ್ಟದ್ದು ಇದೇ ಕಾರಣಕ್ಕೆ. ಟ್ರಮಡಾಲ್ ಎಂಬ ನೋವುನಿವಾರಕ ಕೂಡ ಬಹುಮಟ್ಟಿಗೆ ಇದೇ ಕಿಣ್ವವನ್ನು ನಂಬಿದೆ. ಕಿಣ್ವದ ಈ ವ್ಯತ್ಯಾಸ ವಂಶವಾಹಿಯಿಂದ ಬರುವಂಥದ್ದು; ಎಲೆಕ್ಟ್ರಾನಿಕ್ ಸಿಟಿಯ ಆಚೆ, ಬೊಮ್ಮಸಂದ್ರದ ಪ್ರಯೋಗಾಲಯಗಳಲ್ಲಿ ಇಂದು ವಂಶವಾಹಿಗಳನ್ನು ಓದುತ್ತಾರೆ. ಆದರೆ ನೋವು ವಂಶವಾಹಿಯಲ್ಲಷ್ಟೇ ಇಲ್ಲ: ಪೀಣ್ಯದಲ್ಲಿ ಲೇತ್ ನಡೆಸಿ ಹಾಸಿಗೆ ಹಿಡಿದವರ ನೋವಿನೊಳಗೆ ಬಾಡಿಗೆ ಬಾಕಿ, ಮಗಳ ಫೀಸು ಎಲ್ಲ ಸೇರಿರುತ್ತವೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಕಟ್ಟಿದ ಸಿಸಿಲಿ ಸಾಂಡರ್ಸ್ ಮೈ, ಮನಸ್ಸು, ಸಂಸಾರ, ನಂಬಿಕೆ ಎಲ್ಲವನ್ನೂ ಒಟ್ಟಾಗಿ ಹಿಡಿದೇ ನೋವನ್ನು ಅರ್ಥಮಾಡಿಕೊಂಡರು.

ಅಡ್ಡಪರಿಣಾಮಗಳಿಗೂ ಅವುಗಳದೇ ಲಯಗಳಿವೆ. ವಾಕರಿಕೆ, ತೂಕಡಿಕೆ ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತವೆ. ಮಲಬದ್ಧತೆ ಮಾತ್ರ ಜೊತೆ ಬಿಡುವುದಿಲ್ಲ. ಅದಕ್ಕೇ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿಯೂ ಜೊತೆಗಿರಬೇಕು. ಮಾರ್ಫಿನ್ ಸಿಗುವುದೇ ಕಷ್ಟವಾಗಿದ್ದ ಕಾಲವೂ ಇತ್ತು: 1985ರ ಮಾದಕವಸ್ತು ಕಾಯ್ದೆಯ ಬಿಗಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಮನೆಯವರ ಮನಸ್ಸಿನಲ್ಲಿ "ಚಟ ಹತ್ತುತ್ತದೆ", "ಮಾರ್ಫಿನ್ ಅಂದರೆ ಕೊನೆ ಬಂತು" ಎಂಬ ಅಂಜಿಕೆ ಇನ್ನೂ ಇದೆ. ಡಾಕ್ಟರ ನಿಗಾದಲ್ಲಿ, ನೋವಿಗೆ ತಕ್ಕಷ್ಟೇ ಕೊಟ್ಟಾಗ ಆ ಅಂಜಿಕೆಗಿಂತ ನೋವೇ ದೊಡ್ಡ ಶತ್ರು.

ಈ ಕಲೆಯ ಗುರಿಗಳು ಮೂರು: ಮೊದಲು ರಾತ್ರಿ ನಿದ್ದೆ, ಆಮೇಲೆ ಮಲಗಿದ್ದಾಗ ನೋವಿಲ್ಲದಿರುವುದು, ಕೊನೆಗೆ ಎದ್ದು ಓಡಾಡುವಾಗಲೂ. ಅಲ್ಲಿಗೆ ಮುಟ್ಟಲು ಒಬ್ಬರಿಗೆ ದಿನಕ್ಕೆ 30 ಮಿಲಿಗ್ರಾಂ ಸಾಕಾಗಬಹುದು, ಇನ್ನೊಬ್ಬರಿಗೆ 200 ಬೇಕಾಗಬಹುದು. ಹೆಚ್ಚು ಬೇಕಾದವರು ಹೇಡಿಗಳಲ್ಲ, ಕಡಿಮೆಗೆ ಸುಧಾರಿಸಿದವರು ಗಟ್ಟಿಗರೂ ಅಲ್ಲ. ಮನೆಯಲ್ಲಿ ಇಂಥವರಿದ್ದರೆ "ಸ್ವಲ್ಪ ತಡ್ಕೊಳ್ಳಿ" ಅನ್ನಬೇಡಿ. ನೋವು ಎಲ್ಲಿ, ಎಷ್ಟು ಹೊತ್ತಿಗೆ ಎದ್ದಿತು, ಗುಳಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಒಂದು ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಅವರು ಹದ ಹಿಡಿಯುವುದು ಅದರಿಂದಲೇ.