ಹತ್ತು ಕಾಳಿನ ಸಾಲು, ಹದಿನೈದು ಹೆಜ್ಜೆಯ ಸುತ್ತು

ಗಣಿತಜ್ಞ ಜಾನ್ ಕಾನ್ವೇ ಅವರ ‘ಗೇಮ್ ಆಫ್ ಲೈಫ್’ ಅನ್ನು ಪರದೆಯ ಮೇಲಷ್ಟೇ ನೋಡಿದವರಿಗೆ ಅದರ ಅರ್ಧ ಸೊಗಸು ಸಿಕ್ಕಿರುವುದಿಲ್ಲ. ಅದನ್ನು ಕಾಳಿಟ್ಟು ಕೈಯಾರೆ ಆಡಬೇಕು; ನಮ್ಮ ಕೊಂಕಲ್ ಸೀಮೆಯಲ್ಲಿ ತೊಗರಿಗೂ ಜೋಳಕ್ಕೂ ಕೊರತೆಯಿಲ್ಲ. ಚೌಕುಳಿ ಹಾಳೆಯೊಂದು ಇದ್ದರೆ ಆಟ ಶುರು. ತೊಗರಿ ಇರುವ ಮನೆ ಜೀವಂತ. ಸುತ್ತಲಿನ ಎಂಟು ಮನೆಗಳಲ್ಲಿ ಎರಡೋ ಮೂರೋ ಕಾಳಿದ್ದರೆ ಅದು ಉಳಿಯುತ್ತದೆ, ಇಲ್ಲವಾದರೆ ಸಾಯುತ್ತದೆ. ಖಾಲಿ ಮನೆಯ ಸುತ್ತ ಸರಿಯಾಗಿ ಮೂರಿದ್ದರೆ ಅಲ್ಲಿ ಹೊಸ ಕಾಳು ಹುಟ್ಟುತ್ತದೆ. ಎಲ್ಲವೂ ಒಮ್ಮೆಗೇ ಆಗಬೇಕು. ಅದಕ್ಕೇ ಹುಟ್ಟುವಲ್ಲಿ ಜೋಳ, ಸಾಯುವ ತೊಗರಿಯ ಮಗ್ಗುಲಿಗೆ ಇನ್ನೊಂದು ತೊಗರಿ ಇಟ್ಟು ಗುರುತು ಮಾಡಿ, ಆಮೇಲೆ ಜೋಡಿಗಳನ್ನು ಎತ್ತಿ, ಜೋಳದ ಜಾಗಕ್ಕೆ ತೊಗರಿ ಇಡಬೇಕು. 1970ರಲ್ಲಿ ಅಂಕಣಕಾರ ಮಾರ್ಟಿನ್ ಗಾರ್ಡ್ನರ್ ಎರಡು ಬಣ್ಣದ ಬಿಲ್ಲೆಗಳಿಂದ ಇದನ್ನೇ ಹೇಳಿಕೊಟ್ಟಿದ್ದರು.

ಸಾಲಾಗಿ ಮೂರು ಕಾಳಿಡಿ: ಅಡ್ಡ ಸಾಲು ಲಂಬವಾಗುತ್ತದೆ, ಮತ್ತೆ ಅಡ್ಡವಾಗುತ್ತದೆ. ಇದು ಬ್ಲಿಂಕರ್; ಎರಡು ಹೆಜ್ಜೆಗೊಮ್ಮೆ ಮರಳುವುದರಿಂದ ಇದರ ಆವರ್ತ 2. ಹತ್ತು ಕಾಳಿಟ್ಟರೆ ಪೆಂಟಾಡೆಕಾಥ್ಲಾನ್ ಹುಟ್ಟಿ, ಹದಿನೈದು ಹೆಜ್ಜೆಗೊಮ್ಮೆ ತನ್ನ ರೂಪಕ್ಕೆ ಮರಳುತ್ತದೆ. ಹತ್ತರ ಸಾಲಿನಲ್ಲಿ ಹದಿನೈದು ಅಡಗಿದೆಯೆಂದು ನಿಯಮ ನೋಡಿ ಯಾರೂ ಊಹಿಸಲಾರರು. ಈ ಆಟದ ಅತ್ಯುತ್ತಮ ಕೃತಿಗಳು ನನ್ನ ಮಟ್ಟಿಗೆ ಇಂಥವೇ, ಯಾರೂ ಕಟ್ಟದೆ ತಾವಾಗಿ ಒದಗಿದವು.

ಪ್ರತಿ ಸಂಖ್ಯೆಗೂ ಆ ಆವರ್ತದ ವಿನ್ಯಾಸವೊಂದು ಇದೆಯೇ ಎಂಬ ಹುಡುಕಾಟ ದಶಕಗಳ ಕಾಲ ನಡೆಯಿತು. 2ರ ಆವರ್ತದ ಪಕ್ಕ 3ರದನ್ನಿಟ್ಟು 6 ಎನ್ನುವುದು ಸುಲಭ. ಹುಡುಕುವವರು ಅದನ್ನು ಒಪ್ಪಲಿಲ್ಲ. ಕನಿಷ್ಠ ಒಂದು ಮನೆಯಾದರೂ ಪೂರ್ತಿ ಆವರ್ತಕ್ಕೆ ಮಿಡಿಯಬೇಕೆಂದರು. ಇಡೀ ಸಾಹಸಕ್ಕೆ ಘನತೆ ತಂದದ್ದು ಈ ಹಟ.

2013ರಲ್ಲಿ ಮೈಕ್ ಪ್ಲೇಲ್ ಕಂಡುಹಿಡಿದ ‘ಸ್ನಾರ್ಕ್’ ಎಂಬ ವಿನ್ಯಾಸ, ಹಾಳೆಯ ಮೇಲೆ ಓಡಿಬರುವ ಪುಟ್ಟ ಕಾಳುಗುಂಪಾದ ಗ್ಲೈಡರ್ ಅನ್ನು ಲಂಬಕೋನದಲ್ಲಿ ತಿರುಗಿಸಿ 43 ಹೆಜ್ಜೆಯೊಳಗೆ ಮೊದಲಿನಂತಾಗುತ್ತದೆ. ನಾಲ್ಕು ಮೂಲೆಗೆ ನಾಲ್ಕು ಸ್ನಾರ್ಕ್ ಇಟ್ಟು ಗ್ಲೈಡರ್ ಸುತ್ತುವ ಹಾದಿಯ ಉದ್ದ ಹೊಂದಿಸಿದರೆ 43 ಮತ್ತು ಅದಕ್ಕಿಂತ ದೊಡ್ಡ ಎಲ್ಲ ಆವರ್ತಗಳೂ ಸಿಗುತ್ತವೆ. ಸಾಧನೆಯಾಗಿ ಇದು ದೊಡ್ಡದು, ಆದರೆ ಕೃತಿಯಾಗಿ ಸಪ್ಪೆ: 50ಕ್ಕೂ 500ಕ್ಕೂ ವ್ಯತ್ಯಾಸ ಹಾದಿಯ ಅಳತೆಯದಷ್ಟೇ.

43ಕ್ಕಿಂತ ಕೆಳಗೆ ಸ್ನಾರ್ಕ್‌ಗೆ ಸಾವರಿಸಿಕೊಳ್ಳಲು ಸಮಯವಿಲ್ಲ. ಅಲ್ಲಿ ಕೊನೆಯವರೆಗೂ ಸಿಗದೆ ಉಳಿದ ಆವರ್ತಗಳು 19 ಮತ್ತು 41, ಎರಡೂ ಅವಿಭಾಜ್ಯ. 2023ರಲ್ಲಿ ಮಿಚೆಲ್ ರೈಲಿ 19 ಅನ್ನು, ನಿಕೊ ಬ್ರೌನ್ 41 ಅನ್ನು ಕಂಡುಕೊಂಡರು. ಬ್ರೌನ್ ಅವರ ವಿನ್ಯಾಸಕ್ಕೆ 204 ಕಾಳು ಬೇಕು. ಕೈಯಲ್ಲಿ ಆಡುವುದು ಕಷ್ಟ. ಆದರೂ ಸ್ನಾರ್ಕ್ ಸುತ್ತುಗಳಿಗಿಂತ ಇದನ್ನು ಮೇಲಿಡುತ್ತೇನೆ. ಹಾದಿ ಹಿಗ್ಗಿಸುವ ಉಪಾಯ ಇಲ್ಲಿ ನಡೆಯಲಿಲ್ಲ. 41ಕ್ಕೆಂದೇ ಬೇರೊಂದು ಚಲನೆಯನ್ನು ಹುಡುಕಬೇಕಾಯಿತು.