ಎತ್ತುಂಟು, ಗದ್ದೆಯಿಲ್ಲ: ‘ಚೋಮನ ದುಡಿ’ ಚಿತ್ರದ ಕಥಾನಾಯಕ

ಜನಪದ ಕಥೆ ಒಂದು ಕೇಡಿನಿಂದ ಇಲ್ಲವೆ ಒಂದು ಕೊರತೆಯಿಂದ ಚಲನೆ ಪಡೆಯುತ್ತದೆ ಎಂಬುದನ್ನು ವ್ಲಾದಿಮಿರ್ ಪ್ರಾಪ್ 1928ರಷ್ಟು ಹಿಂದೆಯೇ ತೋರಿಸಿಕೊಟ್ಟನು. ಸಿನಿಮಾ ಕಥನವನ್ನು ನಾಯಕನ ಗುರಿ ಹಾಗೂ ಸಂಘರ್ಷಗಳಿಂದ ಅಳೆಯುವ ಪದ್ಧತಿ ಇದಕ್ಕೆ ಬಹಳ ದೂರದ್ದೇನಲ್ಲ. ಈ ಅಳತೆಗೋಲಿನ ಶಕ್ತಿ ಮತ್ತು ಮಿತಿ ಎರಡನ್ನೂ ಕಾಣಿಸುವ ಚಿತ್ರ, ಬಿ.ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ (1975).

ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಚೋಮನ ಗುರಿ ಒಂದೇ: ತುಂಡು ಗದ್ದೆಯನ್ನು ಪಡೆದು ತಾನೇ ಬೇಸಾಯ ಮಾಡುವುದು. ಕಾಡಿನಲ್ಲಿ ಸಿಕ್ಕ ಎತ್ತಿನ ಜೋಡಿ ಅವನ ಬಳಿ ಇದೆ. ಅಡುಗೂಲಜ್ಜಿಯ ಕಥೆಗಳಲ್ಲಿ ಇಂಥ ಪ್ರಾಣಿ ದೊರೆತರೆ ನಾಯಕನ ಅರ್ಧ ಕೆಲಸ ಮುಗಿದಂತೆಯೇ. ಇಲ್ಲಿಯಾದರೋ ಎತ್ತುಗಳು ಕಣ್ಣೆದುರು ನಿಂತು ಇಲ್ಲದ ನೆಲವನ್ನೇ ನೆನಪಿಸುತ್ತವೆ.

ಎದುರಾಳಿ ಯಾರು ಎಂಬ ಪ್ರಶ್ನೆಗೆ ಚಿತ್ರ ಸುಲಭದ ಉತ್ತರ ಕೊಡುವುದಿಲ್ಲ. ಒಡೆಯ ಸಂಕಪ್ಪಯ್ಯ ಕಥೆಯ ರಾಕ್ಷಸನಲ್ಲ. ಅಸ್ಪೃಶ್ಯನಿಗೆ ಬೇಸಾಯ ಸಲ್ಲದೆಂಬ ಕಟ್ಟಳೆಗೆ ಅವನು ಬಾಯಿ ಮಾತ್ರ. ಕಾಫಿ ತೋಟದ ಸಾಲ, ಮಕ್ಕಳ ಸಾವು, ಬೆಳ್ಳಿಯ ಮೇಲಾದ ಅನ್ಯಾಯ ಇವೆಲ್ಲ ಚೋಮನ ಮೇಲೆ ಎರಗುತ್ತವೆ. ಅವನು ಎದುರಿಸಿ ಗೆಲ್ಲಬಹುದಾದ ಪರೀಕ್ಷೆಗಳಾಗಿ ಬರುವುದಿಲ್ಲ. ಆದ್ದರಿಂದಲೇ ವಿಮರ್ಶೆ ಅವನನ್ನು ಬಹುಮಟ್ಟಿಗೆ ಬಲಿಪಶುವೆಂದೇ ಓದಿಕೊಂಡು ಬಂದಿದೆ.

ಈ ಓದು ಅಪೂರ್ಣವೆಂದು ನನ್ನ ಅಭಿಪ್ರಾಯ. ಮತಾಂತರವಾದರೆ ಗದ್ದೆ ಸಿಗುತ್ತದೆ ಎಂದು ತಿಳಿದ ಚೋಮ ಆ ದಾರಿ ಹಿಡಿಯುತ್ತಾನೆ, ಆದರೆ ತನ್ನ ಭೂತದ ಮೇಲಿನ ನಂಬಿಕೆಯನ್ನು ಬಿಡಲಾರದೆ ಮರಳುತ್ತಾನೆ. ಗುರಿ ಕೈಗೆಟಕುವ ಏಕೈಕ ಕ್ಷಣದಲ್ಲಿ ಅದನ್ನು ಬೇಡವೆನ್ನುವವನು ಸ್ವತಃ ನಾಯಕನೇ. ಅವನನ್ನು ಹೊರಗಿಟ್ಟ ಲೋಕದ ದೈವವೇ ಅವನನ್ನು ಹಿಡಿದಿಟ್ಟಿದೆ. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ತುಳುನಾಡಿನ ಭೂತಾರಾಧನೆಯನ್ನು ಬಲ್ಲವರಿಗೆ ಸಾಧ್ಯವಾಗದು. ಒಡೆಯನ ಅಂಗಳದಲ್ಲಿ ಸ್ಥಾನವಿಲ್ಲದವನಿಗೆ ಭೂತದೊಡನೆ ಒಂದು ಸಂಬಂಧವಿದೆ, ಮಾತಿದೆ.

ಚಿತ್ರ ತೆರೆಕಂಡ ಕಾಲವನ್ನೂ ಗಮನಿಸಬೇಕು. ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಉಳುವವನಿಗೆ ಹೊಲವೆಂಬ ಆ ಕಾಯ್ದೆ ಮುಖ್ಯವಾಗಿ ಗೇಣಿದಾರನ ಕೈಹಿಡಿಯಿತು. ಚೋಮನ ಗುರಿಯೋ ಗೇಣಿದಾರನಾಗುವುದು. ಅವನು ಕಾಯ್ದೆಯ ಹೊಸ್ತಿಲಿಗಿಂತಲೂ ಒಂದು ಮೆಟ್ಟಿಲು ಕೆಳಗಿದ್ದಾನೆ. ನಾಲ್ಕು ದಶಕ ಹಳೆಯ ಕಥೆ ಆ ಹೊತ್ತಿಗೆ ಹಳತಾಗದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಇನ್ನು ದುಡಿ. ಸಮುದಾಯದ ಕುಣಿತಕ್ಕೆ ಸೇರಿದ ವಾದ್ಯವನ್ನು ಚೋಮ ತನ್ನ ಗುಡಿಸಲಿನಲ್ಲಿ ಕುಳಿತು ಬಾರಿಸುತ್ತಾನೆ. ಈ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಎಂ.ವಿ. ವಾಸುದೇವರಾವ್ ಅವರ ಅಭಿನಯದಲ್ಲಿ ಮಾತಿಗಿಂತ ಈ ಬಡಿತವೇ ಹೆಚ್ಚು ಹೇಳುತ್ತದೆ. ಕೊನೆಯಲ್ಲಿ ಎತ್ತುಗಳನ್ನು ಕಾಡಿಗಟ್ಟಿ ಅವನು ಬಾಗಿಲು ಮುಚ್ಚಿಕೊಳ್ಳುತ್ತಾನೆ. ದೊರೆತ ಸಹಾಯಕ ಪ್ರಾಣಿಯನ್ನು ದೊರೆತ ಸ್ಥಳಕ್ಕೇ ಹಿಂದಿರುಗಿಸುವ ನಾಯಕನಿಗೆ ಪ್ರಾಪ್‌ನ ಮೂವತ್ತೊಂದು ಕ್ರಿಯೆಗಳಲ್ಲಿ ಜಾಗವಿಲ್ಲ.