ಬೈಪಾಸ್ ನಂತರದ ಬದುಕು: ಅಳತೆಗೋಲು ಸರಿಯೇ?

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ಫಲವನ್ನು ಅಳೆಯುವಾಗ ರೋಗಿ ಎಷ್ಟು ವರ್ಷ ಬದುಕಿದ ಎಂಬುದರ ಜೊತೆಗೆ ಹೇಗೆ ಬದುಕಿದ ಎಂಬುದನ್ನೂ ನೋಡಬೇಕು. ಇದಕ್ಕೆ ಹಲವು ದೇಶಗಳಲ್ಲಿ ಬಳಸುವ ಸಾಧನ ಎಸ್‌ಎಫ್-36 ಎಂಬ ಪ್ರಶ್ನಾವಳಿ. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇದರಲ್ಲಿ 36 ಪ್ರಶ್ನೆಗಳಿವೆ. ದೈಹಿಕ ಸಾಮರ್ಥ್ಯ, ನೋವು, ಚೈತನ್ಯ, ಮಾನಸಿಕ ಆರೋಗ್ಯ ಮೊದಲಾದ ಎಂಟು ಅಂಶಗಳಿಗೆ 0ಯಿಂದ 100ರವರೆಗೆ ಅಂಕ. ರೋಗಿಯ ಮಾತಿಗೇ ಬೆಲೆ ಕೊಡುವುದು ಇದರ ಹೆಚ್ಚುಗಾರಿಕೆ.

ಆದರೆ ಇದು ಬೀದರ್ ಜಿಲ್ಲೆಗೆ ಹೊಂದುವುದೇ? ಸಾಧಾರಣ ಶ್ರಮಕ್ಕೆ ಮೂಲ ಪ್ರಶ್ನಾವಳಿ ಕೊಡುವ ಉದಾಹರಣೆಗಳು ಮೇಜು ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್, ಗಾಲ್ಫ್. ಬೌಲಿಂಗ್ ಎಂದರೆ ನಮ್ಮವರು ಕ್ರಿಕೆಟ್ ಎಂದೇ ತಿಳಿದಾರು! ಔರಾದಿನ ರೈತನನ್ನು ತೊಗರಿ ಹೊಲದ ಕಳೆ ತೆಗೆಯುವ ಬಗ್ಗೆ, ಭಾಲ್ಕಿಯ ಗೃಹಿಣಿಯನ್ನು ತುಂಬಿದ ಕೊಡ ತರುವ ಬಗ್ಗೆ, ಬೀದರ್ ನಗರದ ಬಿದ್ರಿ ಕುಶಲಕರ್ಮಿಯನ್ನು ನೆಲದ ಮೇಲೆ ಕುಳಿತು ಕೆತ್ತುವ ಬಗ್ಗೆ ಕೇಳಬೇಕು. ಹಲವು ದೇಶಗಳು ಅನುವಾದಿಸುವಾಗ ಉದಾಹರಣೆಗಳನ್ನು ಬದಲಿಸಿಕೊಂಡಿವೆ. ಆದರೆ ಪದ ಬದಲಿಸಿದರಷ್ಟೇ ಸಾಲದು. ಬದಲಿ ಕೆಲಸಕ್ಕೆ ದೇಹ ಬಳಸುವ ಆಮ್ಲಜನಕವೂ ಹೆಚ್ಚುಕಡಿಮೆ ಅಷ್ಟೇ ಇರಬೇಕು.

ಇದು ಬರಿಯ ಭಾಷೆಯ ಪ್ರಶ್ನೆಯಲ್ಲ. ಎದೆಯ ಒಳಗೋಡೆಯ ಅಪಧಮನಿಯಿಂದ ಮಾಡಿದ ಕಸಿಗಳಲ್ಲಿ ಸುಮಾರು ಶೇ. 90ರಷ್ಟು 10 ವರ್ಷಗಳ ನಂತರವೂ ತೆರೆದಿರುತ್ತವೆ. ಕಾಲಿನಿಂದ ತೆಗೆದ ಅಭಿಧಮನಿಯ ಕಸಿಗಳಲ್ಲಿ ಸುಮಾರು ಶೇ. 40ರಿಂದ 50ರಷ್ಟು ಅಷ್ಟರಲ್ಲಿ ಮುಚ್ಚಿಹೋಗುತ್ತವೆ. ಆಗ ಎದೆನೋವು ಮರಳಬಹುದು. ನೋವಿಗೆ ಹೆದರಿ ಹೊಲದ ಕೆಲಸ ಬಿಟ್ಟವನಿಗೆ ನೋವೂ ಬಾರದು. ಅವನು 'ಆರಾಮಿದ್ದೇನೆ' ಎನ್ನುತ್ತಾನೆ, ನೋವಿನ ಅಂಕ ಏರುತ್ತದೆ! ಬಿಟ್ಟ ಕೆಲಸವನ್ನು ಕೇಳದ ಪ್ರಶ್ನಾವಳಿ ಇದನ್ನು ಹಿಡಿಯಲಾರದು.

ಬೀದರ್ ಸೇರಿದ ಕಲಬುರಗಿ ವಿಭಾಗದಲ್ಲಿ 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡ ಕುಟುಂಬಗಳಿಗೆ ಹೃದಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಒದಗಿಸಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಮರಣ ಪ್ರಮಾಣ ಯೋಜನೆಯಿಲ್ಲದ ಹಳ್ಳಿಗಳಿಗಿಂತ ಶೇ. 64ರಷ್ಟು ಕಡಿಮೆಯಿತ್ತು. ಇದು ದೊಡ್ಡ ಸಾಧನೆಯೇ. ಆದರೆ ಮರಣ ತಪ್ಪಿದ ಲೆಕ್ಕ ಬದುಕಿನ ಲೆಕ್ಕವಲ್ಲ. ಆಗ ಶಸ್ತ್ರಚಿಕಿತ್ಸೆ ಪಡೆದವರು ಈಗ 15 ವರ್ಷ ದಾಟಿದ್ದಾರೆ.

ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ಒಮ್ಮೆ ಕೇಳಬೇಕು. ಅದಿಲ್ಲದೆ ಹೋಲಿಕೆ ಸಾಧ್ಯವಿಲ್ಲ. ಬಳಿಕ 1, 5, 10ನೇ ವರ್ಷಗಳಲ್ಲಿ ಅದೇ ಪ್ರಶ್ನೆಗಳನ್ನು ಕನ್ನಡ, ಮರಾಠಿ, ಉರ್ದು, ತೆಲುಗಿನಲ್ಲಿ ಕೇಳಬೇಕು. ಯಾವ ಕೆಲಸ ಬಿಟ್ಟಿರಿ, ಏಕೆ ಬಿಟ್ಟಿರಿ, ಮಾತ್ರೆಗಳು ತಪ್ಪದೆ ಸಿಗುತ್ತಿವೆಯೇ ಎಂಬ ಪ್ರಶ್ನೆಗಳೂ ಅದರಲ್ಲಿರಲಿ.